ಮಾಲೆ ಹಾಕಿದ ಮೂರನೆಯ ದಿನ

ರಾಯಣ್ಣನ ಕೊರಳಿಗೆ ಮಾಲೆ ಹಾಕಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಕಥೆ ಮುಂದೆ ಹೋದಂತೆಲ್ಲ ನಾನು ಎಲ್ಲೋ ಒಂದು ಕಡೆ ಒಳ್ಳೆಯವನಾಗಿ ನಿಂತುಬಿಡುತ್ತೇನೆ. ಹೇಳುವವನ ಬಾಯಿಗೆ ಹಾಗೊಂದು ಚಾಳಿ ಇರುತ್ತದೆ.

ನನ್ನ ಹೆಸರು ದೊಡ್ಡಬಸಪ್ಪ. ಕಮಲಾಪುರದ ಬಸ್ ಸ್ಟ್ಯಾಂಡಿನ ಎದುರಿಗೆ ಮೂವತ್ತೊಂದು ವರ್ಷದಿಂದ ಟೇಲರ್ ಅಂಗಡಿ ನಡೆಸುತ್ತಿದ್ದೇನೆ. ಚಳಿಗಾಲ ಬಂತೆಂದರೆ ನಮ್ಮ ಓಣಿಯಲ್ಲಿ ಹದಿನೈದಿಪ್ಪತ್ತು ಜನ ಹನುಮಮಾಲೆ ಹಾಕುತ್ತೇವೆ. ಇಪ್ಪತ್ತೊಂದು ದಿನ ಕೇಸರಿ ಬಟ್ಟೆ, ತಣ್ಣೀರ ಸ್ನಾನ, ಒಂದೇ ಹೊತ್ತಿನ ಊಟ, ಓಣಿಯಲ್ಲಿ ಹಾಕಿದ ಚಪ್ಪರದಲ್ಲಿ ಚಾಪೆಯ ಮೇಲೆ ನಿದ್ದೆ. ಬೀಡಿ, ಹೆಂಡ, ಮಾಂಸ ಯಾವುದೂ ಇಲ್ಲ. ಕೊನೆಯ ದಿನ ಬುಕ್ಕಸಾಗರದ ಸೇತುವೆ ದಾಟಿ ಅಂಜನಾದ್ರಿ ಬೆಟ್ಟ ಹತ್ತಿ ಮಾಲೆ ಇಳಿಸುತ್ತೇವೆ. ಈ ಗುಂಪಿಗೆ ನಾನು ಗುರುಸ್ವಾಮಿ. ಹಿಂದಿದ್ದ ಗುರುಸ್ವಾಮಿ ತೀರಿಕೊಂಡಾಗ ಮುಂದೆ ಬರುವವರು ಯಾರೂ ಇರಲಿಲ್ಲ. ಎಲ್ಲರ ಬಟ್ಟೆ ಹೊಲಿಯುವವನು ನಾನಿದ್ದೆ. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ ಆ ಪಟ್ಟ ನನ್ನ ತಲೆಗೆ ಬಂತು. ಬಂದ ಮೇಲೆ ಬಿಡುವುದು ಕಷ್ಟ. ಊರವರು ಕಾಲಿಗೆ ಬೀಳುವ ಇಪ್ಪತ್ತೊಂದು ದಿನದ ರುಚಿ ಉಳಿದ ವರ್ಷವಿಡೀ ಬಾಯಲ್ಲಿ ಇರುತ್ತದೆ.

ರಾಯಣ್ಣ ನನ್ನ ಹೆಂಡತಿ ಜಂಬವ್ವನ ತವರೂರಾದ ಬುಕ್ಕಸಾಗರದವನು. ದೂರದ ಸಂಬಂಧದಲ್ಲಿ ನನಗೆ ಅಳಿಯನಾಗಬೇಕು, ಹಾಗಾಗಿ ಮಾವ ಎಂದು ಕರೆಯುತ್ತಾನೆ. ವಯಸ್ಸು ಮೂವತ್ತಾರು, ಮನೆ ಈಗ ಕಮಲಾಪುರದಲ್ಲೇ. ಬಾಳೆಗೊನೆ ಕಡಿದು ಲಾರಿಗೆ ತುಂಬುವ ಎಂಟು ಜನರ ಗ್ಯಾಂಗಿಗೆ ಮೇಸ್ತ್ರಿ. ಎರಡು ಗೊನೆಗಳನ್ನು ಎರಡು ಹೆಗಲಿಗೆ ಹಾಕಿಕೊಂಡು ಕಾಲುವೆಯ ಒಂಟಿ ಹಲಗೆಯ ಮೇಲೆ ನಡೆದು ಬರುವುದನ್ನು ನಾನೇ ಕಂಡಿದ್ದೇನೆ. ತೋಟದಲ್ಲಿ ನಾಗರಹಾವು ಕಂಡರೆ ಉಳಿದವರು ಕುಡುಗೋಲು ಬಿಸಾಡಿ ಓಡುತ್ತಿದ್ದರು. ಇವನು ಬಾಲ ಹಿಡಿದು ಎತ್ತಿ ಗೋಣಿಚೀಲಕ್ಕೆ ಹಾಕುತ್ತಿದ್ದ. ಊರಲ್ಲಿ ಅವನಿಗೆ ಹುಲಿ ಎಂದೇ ಹೆಸರು.

ಹುಲಿ ಕುಡಿಯುತ್ತಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಒಂದು ಪ್ಯಾಕೆಟ್, ತೋಟಕ್ಕೆ ಹೋಗುವ ದಾರಿಯಲ್ಲಿ ಇನ್ನೊಂದು, ಮಧ್ಯಾಹ್ನ ಎರಡು, ಸಂಜೆಯದನ್ನು ಅವನೇ ಹೇಳಲಾರ. ಜಗಳವಾಡುತ್ತಿರಲಿಲ್ಲ, ಹೆಂಡತಿ ಮೇಲೆ ಕೈ ಎತ್ತುತ್ತಿರಲಿಲ್ಲ. ಸುಮ್ಮನೆ ಕುಡಿಯುತ್ತಿದ್ದ. ನೀರು ಹಾಯಿಸುವವನು ಮಡಿಗೆ ನೀರು ಬಿಟ್ಟ ಹಾಗೆ, ಮುಖದಲ್ಲಿ ಒಂದು ಸಂತೋಷವೂ ಇಲ್ಲದೆ ಒಳಗೆ ಬಿಟ್ಟುಕೊಳ್ಳುತ್ತಿದ್ದ.

ಅವನಲ್ಲಿ ಕೆಲವು ವಿಚಿತ್ರಗಳಿದ್ದವು. ಬಸ್ಸು ಹತ್ತುತ್ತಿರಲಿಲ್ಲ. ಹೊಸಪೇಟೆಗೆ ಹೋಗಬೇಕಾದರೆ ಬಾಳೆ ಲಾರಿಯ ಮೇಲೆ ಗಾಳಿಗೆ ಕೂತು ಹೋಗುತ್ತಿದ್ದ. ಮದುವೆಗೆ ಬಂದರೆ ಛತ್ರದ ಒಳಗೆ ಬಾರದೆ ಬಾಗಿಲಲ್ಲೇ ನಿಂತು ಅಕ್ಕಿಕಾಳು ಹಾಕಿ ಹೊರಡುತ್ತಿದ್ದ. ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುವ ಒಳ್ಳೆಯ ಕೆಲಸ ಇತ್ತು, ಅದನ್ನು ಇಪ್ಪತ್ತೆರಡನೇ ವಯಸ್ಸಿಗೇ ಬಿಟ್ಟು ಬಂದಿದ್ದ. ಇವಕ್ಕೆಲ್ಲ ನಮ್ಮ ಹತ್ತಿರ ಉತ್ತರಗಳಿದ್ದವು. ಬಸ್ಸಿನಲ್ಲಿ ಕುಡಿಯಲು ಬಿಡುವುದಿಲ್ಲ, ಅದಕ್ಕೆ ಹತ್ತುವುದಿಲ್ಲ ಎಂದೆವು. ಸೊಕ್ಕು, ಅದಕ್ಕೆ ಛತ್ರದೊಳಗೆ ಬರುವುದಿಲ್ಲ ಎಂದೆವು. ಅವನನ್ನೇ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹೋದ ವರ್ಷ ಮಾಲೆಯ ದಿನಗಳು ಹತ್ತಿರ ಬಂದಾಗ ಅವನ ಹೆಂಡತಿ ಉಚ್ಚೆಂಗಮ್ಮ ಅಂಗಡಿಗೆ ಬಂದಳು. ಕೈಯಲ್ಲಿ ಸ್ಕ್ಯಾನಿಂಗ್ ಚೀಟಿ. ಗಂಡನ ಲಿವರ್ ಬಾತಿದೆ, ಹೀಗೇ ಕುಡಿದರೆ ಎರಡು ವರ್ಷ ಬದುಕುವುದೂ ಕಷ್ಟ ಎಂದು ಡಾಕ್ಟರು ಹೇಳಿದ್ದರಂತೆ. ಇಬ್ಬರು ಹೆಣ್ಣುಮಕ್ಕಳು, ದೊಡ್ಡದು ಇನ್ನೂ ಏಳನೇ ಕ್ಲಾಸು.

"ಮಾವ, ಈ ವರ್ಷ ಇವ್ರಿಗೆ ಮಾಲಿ ಹಾಕ್ರಿ. ನನ್ನ ಮಾತಿಗಂತೂ ಬಿಡಲಿಲ್ಲ, ದೇವರ ಹೆದರಿಕಿಗಾದ್ರೂ ಬಿಡ್ತಾರ" ಎಂದಳು.

ನಾನು ಟೇಪನ್ನು ಕೊರಳಿಗೆ ಹಾಕಿಕೊಂಡು ದೊಡ್ಡ ಮನುಷ್ಯನ ಹಾಗೆ ನಕ್ಕೆ. ಏಳು ಜನ ಕುಡುಕರಿಗೆ ಮಾಲೆ ಹಾಕಿದವನು ನಾನು, ಇವನು ಯಾವ ಲೆಕ್ಕ ಎಂದೆ. ಆ ಏಳೂ ಜನ ಬೆಟ್ಟ ಇಳಿದ ಸಂಜೆಯೇ ದಾರಿಯ ಡಾಬಾದಲ್ಲಿ ಕೂತಿದ್ದರು ಎಂಬುದನ್ನು ಹೇಳಲಿಲ್ಲ. ಅದು ನಮ್ಮಲ್ಲಿ ಹೇಳುವಂಥ ಮಾತೇ ಅಲ್ಲ, ಎಲ್ಲರಿಗೂ ಗೊತ್ತಿರುವ ಪದ್ಧತಿ.

ರಾಯಣ್ಣ ಒಪ್ಪಿಕೊಂಡ. ಹೆಂಡತಿಯ ಮುಖ ನೋಡಿ ಒಪ್ಪಿಕೊಂಡ. ಶುಕ್ರವಾರ ಬೆಳಿಗ್ಗೆ ಕಾಲುವೆಯಲ್ಲಿ ಮುಳುಗಿ ಬಂದ, ನಾನು ಹೊಲಿದ ಕೇಸರಿ ಅಂಗಿ ತೊಟ್ಟ, ತಲೆ ಬಗ್ಗಿಸಿದ. ಮಾಲೆ ಹಾಕಿದೆ. ಹದಿನಾಲ್ಕು ವರ್ಷ ಒಂದು ದಿನವೂ ತಪ್ಪದೆ ಹೊಟ್ಟೆಗಿಳಿದಿದ್ದು ಅವತ್ತು ಒಮ್ಮೆಗೇ ನಿಂತಿತು.

ಇಲ್ಲಿ ನಮ್ಮ ಗುಂಪಿನ ಒಂದು ನಂಬಿಕೆ ಹೇಳಬೇಕು. ಮಾಲೆ ಹಾಕಿದ ಮೊದಲ ಎರಡು ಮೂರು ದಿನ ಕೆಲವರಿಗೆ ಕೈ ನಡುಗುತ್ತದೆ, ಚಳಿಯಲ್ಲೂ ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ. ಹನುಮಪ್ಪ ಮೈ ಹತ್ತಿರ ಬಂದಿದ್ದಕ್ಕೆ ಅದು ಗುರುತು ಎಂದು ಹಿಂದಿನ ಗುರುಸ್ವಾಮಿ ಹೇಳುತ್ತಿದ್ದರು. ಯಾರಿಗೆ ಹೆಚ್ಚು ನಡುಗುತ್ತದೋ ಅವರ ಭಕ್ತಿ ಹೆಚ್ಚು. ನನಗೂ ಪ್ರತಿ ವರ್ಷ ನಡುಗುತ್ತದೆ. ಹೊಸಬರಿಗೆ ನಾನು ಕೈ ಚಾಚಿ ತೋರಿಸುತ್ತಿದ್ದೆ, ನೋಡ್ರಿ ಹೆಂಗ ಬಂದಾನ ಎಂದು.

ರಾಯಣ್ಣನಿಗೆ ನಡುಗಿದಂಥ ನಡುಕವನ್ನು ನಾವು ಯಾರೂ ಕಂಡಿರಲಿಲ್ಲ. ಶನಿವಾರ ಲೋಟ ಹಿಡಿಯಲು ಆಗಲಿಲ್ಲ, ಜಂಬವ್ವ ಬಾಯಿಗೆ ಹಾಲು ಹಿಡಿದಳು. ಭಾನುವಾರ ಮುಂಜಾನೆ ಸ್ನಾನ ಮಾಡಿ ಕಾಲುವೆಯ ಮೆಟ್ಟಿಲು ಹತ್ತುವಾಗ ಒಮ್ಮೆಗೆ ಸೆಟೆದು ಬಿದ್ದ. ಕೈಕಾಲು ಬಡಿದುಕೊಂಡ, ಬಾಯಲ್ಲಿ ನೊರೆ ಬಂತು, ಕಣ್ಣು ಮೇಲೆ ಸಿಕ್ಕಿಕೊಂಡವು. ಸುತ್ತ ಹದಿನೇಳು ಜನ ಕೇಸರಿಯವರಿದ್ದೆವು. ಒಬ್ಬನೂ ಅದನ್ನು ಮೂರ್ಛೆ ಎನ್ನಲಿಲ್ಲ. ನಾನು ಮುಂದೆ ಹೋಗಿ ಅವನ ತಲೆಯ ಬಳಿ ಕಾಯಿ ಒಡೆದೆ. ಹನುಮಪ್ಪ ಮೈದುಂಬಿದ ಎಂದು ನಾನೇ ಹೇಳಿದೆ. ಈಗ ಹೇಳುವಾಗಲೂ ನನ್ನ ಮೈ ಜುಮ್ಮೆನ್ನುತ್ತದೆ, ಭಕ್ತಿಯಿಂದಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನಿಗೆ ಕೋತಿಗಳು ಕಾಣತೊಡಗಿದವು. ಚಪ್ಪರದ ಗಳುವಿನ ಮೇಲೆ ಕೋತಿ, ಬಾಳೆ ಎಲೆಯ ಮೇಲೆ ಕೋತಿ, ತನ್ನ ಅಂಗೈ ಮೇಲೆ ಬೆರಳುದ್ದದ ಕೋತಿಗಳು. ಅವನ್ನು ಓಡಿಸುತ್ತಿದ್ದ, ಅವುಗಳ ಜೊತೆ ಮಾತಾಡುತ್ತಿದ್ದ. ಆಂಜನೇಯನ ಮಾಲೆ ಹಾಕಿದವನಿಗೆ ಕೋತಿ ಕಂಡವು ಎಂದರೆ ಇನ್ನೇನು ಬೇಕು? ಗಂಟೆಯೊಳಗೆ ಊರೆಲ್ಲ ಸುದ್ದಿ. ಎಮ್ಮೆ ಕಳೆದುಕೊಂಡವನೊಬ್ಬ ಬಂದು ಕೇಳಿದ. ರಾಯಣ್ಣ ಯಾವುದೋ ಕೋತಿಯ ಕಡೆಗೆ ಬೆರಳು ತೋರಿಸಿ ಕೂಗಿದ. ಆ ದಿಕ್ಕಿಗೆ ಹೋದವನಿಗೆ ಕಾಲುವೆ ಪಕ್ಕ ಎಮ್ಮೆ ಸಿಕ್ಕಿತು. ಮುಗಿಯಿತು ನೋಡಿ. ಸೋಮವಾರ ಬೆಳಿಗ್ಗೆ ನಮ್ಮ ಚಪ್ಪರದ ಮುಂದೆ ಪಾಳಿ ಹಚ್ಚಿ ನಿಂತಿದ್ದರು. ಬೋರಿಗೆ ನೀರು ಬೀಳುತ್ತದಾ, ಮಗಳಿಗೆ ಗಂಡು ಸಿಗುತ್ತದಾ. ಅವನು ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ, ಮೈ ಕೆಂಡದ ಹಾಗೆ ಸುಡುತ್ತಿತ್ತು, ನಾವು ಅವನನ್ನು ಕೂರಿಸಿ ಬೆನ್ನಿಗೆ ದಿಂಬು ಕೊಟ್ಟಿದ್ದೆವು. ಉಚ್ಚೆಂಗಮ್ಮ ಅಳುತ್ತಾ ಬಂದು, ಇವರು ನನ್ನನ್ನೇ ಗುರುತಿಸುವುದಿಲ್ಲ, ಆಸ್ಪತ್ರೆಗೆ ಹೋಗೋಣ ಎಂದಳು. ದೇವರು ಮೈಮೇಲಿರುವಾಗ ಹೆಂಡತಿ ಯಾರು, ಮಕ್ಕಳು ಯಾರು ಎಂದು ನಾನು ಗದರಿಸಿ ಕಳಿಸಿದೆ.

ಆ ಪಾಳಿಯಲ್ಲಿ ಚೆನ್ನಬಸಮ್ಮನೂ ನಿಂತಿದ್ದಳು. ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಅವಳೂ ಕಾಯಿ, ಕರ್ಪೂರ, ಊದಿನಕಡ್ಡಿ ತಂದಿದ್ದಳು, ಸುಳ್ಳೇಕೆ. ಕಾಲು ಮುಟ್ಟಲು ಬಗ್ಗಿದವಳು ಅಲ್ಲೇ ನಿಂತಳು. ಅವನ ಕಾಲು ಹಿಡಿದು ನೋಡಿದಳು, ಹಣೆ ಮುಟ್ಟಿದಳು, ನಾಲಗೆ ಚಾಚಲು ಹೇಳಿದಳು. ನಾಲಗೆ ಕಚ್ಚಿಕೊಂಡು ಕಪ್ಪಾಗಿತ್ತು. ತಟ್ಟೆ ನೆಲಕ್ಕಿಟ್ಟು, ಇವನು ಕುಡಿಯುವುದು ಬಿಟ್ಟು ಎಷ್ಟು ದಿನವಾಯಿತು ಎಂದು ಉಚ್ಚೆಂಗಮ್ಮನನ್ನು ಕೇಳಿದಳು. ಶುಕ್ರವಾರದಿಂದ ಎಂಬ ಉತ್ತರ ಬಂದಿದ್ದೇ ಅವಳ ಮುಖ ಬಿಳುಚಿತು, ಈಗಲೇ ಆಸ್ಪತ್ರೆಗೆ ಒಯ್ಯಬೇಕು ಎಂದಳು.

ಮಾಲೆ ಹಾಕಿದ ಸ್ವಾಮಿಗೆ ಸೂಜಿ ಚುಚ್ಚಿಸಿದರೆ ವ್ರತ ಕೆಡುತ್ತದೆ, ಆ ಪಾಪ ಯಾರಿಗೆ ಎಂದು ನಾನು ಅಡ್ಡ ನಿಂತೆ.

"ಹೆಣಕ್ಕೂ ಮಾಲಿ ಹಾಕ್ತಾರ, ಗುರುಸ್ವಾಮಿ" ಎಂದಳು ಅವಳು. "ಆಟೋ ಕರಸ್ರಿ."

ಹೊಸಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಅವನನ್ನು ನೇರವಾಗಿ ಒಳಗೆ ಒಯ್ದರು. ನರ್ಸ್ ಹೊರಗೆ ಬಂದು ಮಾಲೆಯನ್ನು ನನ್ನ ಕೈಗೆ ಕೊಟ್ಟು ಹೋದಳು. ನಾನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಸುಮಾರು ಹೊತ್ತಿನ ಮೇಲೆ ಮಾನಸಿಕ ವಿಭಾಗದ ಡಾಕ್ಟರು ಬಂದರು. ಬೈಯಲಿಲ್ಲ. ದಿನಾ ಕುಡಿಯುವ ದೇಹಕ್ಕೆ ಒಮ್ಮೆಗೇ ನಿಲ್ಲಿಸಿದರೆ ಮಿದುಳು ಕೆರಳುತ್ತದೆ, ಮೊದಲು ನಡುಕ, ಆಮೇಲೆ ಮೂರ್ಛೆ, ಆಮೇಲೆ ಇಲ್ಲದ್ದು ಕಾಣುವುದು, ಜ್ವರ. ಅಲ್ಲಿಂದ ಮುಂದಕ್ಕೆ ಎಷ್ಟೋ ಜನ ಉಳಿಯುವುದಿಲ್ಲ. ಬಿಡಬೇಕು ನಿಜ, ಆದರೆ ಔಷಧಿ ಕೊಟ್ಟು ಬಿಡಿಸಬೇಕು. ಹೀಗೆ ಹೇಳಿ, ಮೊದಲ ಸಲ ಬಿದ್ದಾಗ ಏನು ಮಾಡಿದಿರಿ ಎಂದು ಕೇಳಿದರು.

ಕಾಯಿ ಒಡೆದೆ ಎಂದು ನಾನು ಹೇಳಲಿಲ್ಲ. ಉಚ್ಚೆಂಗಮ್ಮ ನನ್ನ ಕಡೆ ನೋಡಿದಳು, ಅವಳೂ ಹೇಳಲಿಲ್ಲ.

ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಅವನಿಗೆ ಹೆಂಡತಿಯ ಗುರುತು ಹತ್ತಿತು. ಒಂಬತ್ತನೆಯ ದಿನ ಮನೆಗೆ ಕಳಿಸುವ ಮಾತು ಬಂತು. ಉಚ್ಚೆಂಗಮ್ಮನ ಅಣ್ಣ ಮಾರೇಶ್, ದೂರದ ಊರಿನಲ್ಲಿ ಮೂರು ತಿಂಗಳು ಬೀಗ ಹಾಕಿ ಕುಡಿತ ಬಿಡಿಸುವ ಜಾಗವಿದೆ, ಅಲ್ಲಿ ಹಾಕಿಬಿಡೋಣ ಎಂದ. ಡಾಕ್ಟರು ಎಲ್ಲರನ್ನೂ ಕೂರಿಸಿ ತಿಳಿಸಿದರು. ಒಳಗೆ ಇಟ್ಟುಕೊಂಡೇ ನೋಡಬೇಕಾದವರೂ ಇರುತ್ತಾರೆ, ಆದರೆ ಅಪಾಯದ ದಿನ ದಾಟಿದ ಮೇಲೆ, ಮನೆಯಲ್ಲಿ ಆಸರೆ ಇದ್ದರೆ, ಮನೆಯಲ್ಲಿದ್ದು ಕೆಲಸ ಮಾಡಿಕೊಂಡೇ ವಾಸಿಯಾಗಬಹುದು. ವಾರಕ್ಕೊಮ್ಮೆ ಮಂಗಳವಾರ ಬರಬೇಕು, ಗುಳಿಗೆ ತಪ್ಪಿಸಬಾರದು, ಆಪ್ತಸಮಾಲೋಚಕಿಯ ಹತ್ತಿರ ಕೂತು ಮಾತಾಡಬೇಕು, ಹೆಂಡತಿಯೂ ಬರಬೇಕು. ಮಾತಾಡಿ ಕುಡಿತ ಬಿಡಿಸುತ್ತಾರಂತೆ ಎಂದು ನಾನು ಒಳಗೇ ನಕ್ಕೆ. ಅಷ್ಟಾದರೂ ನನ್ನ ಸೊಕ್ಕು ಇಳಿದಿರಲಿಲ್ಲ.

ಸಮಾಲೋಚಕಿಯ ಹೆಸರು ಗಂಗೋತ್ರಿ. ನನ್ನ ಮಗಳ ವಯಸ್ಸು, ಕಂಪ್ಲಿ ಕಡೆಯ ಹುಡುಗಿ. ಮೊದಲ ಮಂಗಳವಾರ ರಾಯಣ್ಣ ಇವರೂ ಒಳಗೆ ಇರಲಿ ಎಂದ, ಹಾಗಾಗಿ ನಾನೂ ಉಚ್ಚೆಂಗಮ್ಮನೂ ಕೂತೆವು. ಗಂಗೋತ್ರಿ ಎಷ್ಟು ಕುಡಿಯುತ್ತಿದ್ದಿರಿ, ಯಾಕೆ ಬಿಡಲಿಲ್ಲ ಎಂದೆಲ್ಲ ಕೇಳುತ್ತಾಳೆ ಅಂದುಕೊಂಡಿದ್ದೆ.

"ಮೊದಲನೇ ಸಲ ಯಾಕ ಕುಡಿದ್ರಿ?" ಎಂದು ಕೇಳಿದಳು.



"ಗಾಡಿ ಹತ್ತಾಕ್ರಿ" ಎಂದ ರಾಯಣ್ಣ.

ನಮಗೆ ಅರ್ಥವಾಗಲಿಲ್ಲ. ಅವನು ತಡೆತಡೆದು ಹೇಳಿದ್ದನ್ನು ನಾನು ಕೂಡಿಸಿ ಹೇಳುತ್ತೇನೆ. ಸಂಡೂರಿನ ಘಾಟಿಯಲ್ಲಿ ಒಂದು ಬೆಳಿಗ್ಗೆ, ತುಂಬಿದ ಟಿಪ್ಪರ್ ಇಳಿಸುತ್ತಿದ್ದಾಗ, ಏನೂ ಆಗದೆ ಏನೂ ಕಾಣದೆ ಅವನ ಎದೆ ಡವಡವ ಹೊಡೆದುಕೊಂಡಿತಂತೆ. ಉಸಿರು ಸಿಕ್ಕಲಿಲ್ಲ, ಕೈ ಜೋಮು ಹಿಡಿಯಿತು, ಇದೇ ಸಾವು ಅನಿಸಿತು. ಗಾಡಿ ನಿಲ್ಲಿಸಿ ಕೆಳಗೆ ಹಾರಿ ಮಣ್ಣಲ್ಲಿ ಕೂತುಬಿಟ್ಟ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಮಾರನೆಯ ದಿನ ಮತ್ತೆ ಬಂತು. ಮೂರನೆಯ ದಿನ ಗಾಡಿ ಹತ್ತಲು ಕಾಲೇ ಏಳಲಿಲ್ಲ. ಜೊತೆಯ ಡ್ರೈವರೊಬ್ಬ ಅರ್ಧ ಕ್ವಾರ್ಟರ್ ಕುಡಿಸಿದ. ಎದೆ ಸುಮ್ಮನಾಯಿತು, ಗಾಡಿ ಹತ್ತಿದ. ಆಮೇಲೆ ಅದು ಟಿಪ್ಪರಿನಲ್ಲಿ ಮಾತ್ರವಲ್ಲ, ಬಸ್ಸಿನಲ್ಲಿ, ಛತ್ರದಲ್ಲಿ, ಸಂತೆಯ ಗುಂಪಿನಲ್ಲಿ, ಬಾಗಿಲು ಹಾಕಿದಲ್ಲೆಲ್ಲ ಬರತೊಡಗಿತು. ಟಿಪ್ಪರ್ ಬಿಟ್ಟ. ಬಯಲಿರುವ ಕೆಲಸ ಹುಡುಕಿ ಬಾಳೆತೋಟಕ್ಕೆ ಬಂದ. ಬೆಳಿಗ್ಗೆ ಕಣ್ಣು ಬಿಟ್ಟರೆ ಇವತ್ತು ಬರುತ್ತದೇನೋ ಎಂಬ ಹೆದರಿಕೆ, ಆ ಹೆದರಿಕೆಗೆ ಮೊದಲ ಪ್ಯಾಕೆಟ್.

ಹಾವು ಹಿಡಿಯುವವನು. ಹುಲಿ ಎಂದು ಹೆಸರಿಟ್ಟವರು ನಾವು. ಹದಿನಾಲ್ಕು ವರ್ಷ ಅವನು ನನ್ನ ಅಂಗಡಿಯ ಮುಂದೆಯೇ ಓಡಾಡಿದ್ದಾನೆ, ಎದುರಿನ ಬಸ್ ಸ್ಟ್ಯಾಂಡಿಗೆ ಕಾಲಿಡಲು ಎದೆ ನಡುಗುತ್ತಿತ್ತು ಎಂದು ನನಗೆ ಗೊತ್ತೇ ಆಗಲಿಲ್ಲ.

"ಹದಿನಾಕು ವರ್ಷ ನನ್ನ ಮುಂದ ಒಂದು ಮಾತು ಹೇಳಲಿಲ್ಲಲ್ರಿ" ಎಂದಳು ಉಚ್ಚೆಂಗಮ್ಮ.

"ಹೆದರ್ತೀನಿ ಅಂತ ಹೆಂಗ ಹೇಳ್ಲಿ" ಎಂದ ರಾಯಣ್ಣ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅವನಿಗಿರುವುದು ಒಂದು ಕಾಯಿಲೆಯಲ್ಲ, ಎರಡು ಎಂದು ಡಾಕ್ಟರು ಹೇಳಿದರು. ಹೆದರಿಕೆ ಒಂದು, ಕುಡಿತ ಒಂದು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಕೊಟ್ಟರೆ ಎರಡೂ ತಿರುಗಿ ಬರುತ್ತವೆ. ಕುಡಿಯುವ ಆಸೆ ತಗ್ಗಲು ಒಂದು ಗುಳಿಗೆ, ಹೆದರಿಕೆಗೆ ಇನ್ನೊಂದು. ಎರಡನೆಯದು ಹಿಡಿಯಲು ವಾರಗಳೇ ಬೇಕು, ನಿಲ್ಲಿಸಬೇಕಾದಾಗ ನಾವೇ ನಿಲ್ಲಿಸುತ್ತೇವೆ, ನೀವಾಗಿ ನಿಲ್ಲಿಸಬೇಡಿ ಎಂದು ಎರಡೆರಡು ಸಲ ಹೇಳಿದರು. ಗಂಗೋತ್ರಿ ಕೊಟ್ಟ ಮದ್ದು ಮಾತ್ರ ನಾನು ಕೇಳರಿಯದ್ದು. ಹೆದರಿಕೆ ಬರುವ ಜಾಗಕ್ಕೆ ಹೋಗಿ ನಿಲ್ಲಬೇಕಂತೆ. ಮೊದಲು ಸಣ್ಣದು, ಆಮೇಲೆ ದೊಡ್ಡದು. ಎದೆ ಹೊಡೆದುಕೊಂಡರೆ ಓಡಬಾರದು. ಅದು ತಾನಾಗಿ ಇಳಿಯುತ್ತದೆ, ಇಳಿಯುವವರೆಗೆ ನಿಂತಿರಬೇಕು, ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ಹಾಗೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ರಾಯಣ್ಣನ ನಾಟಕ ಶುರುವಾಯಿತು. ನಾನು ಮಶೀನಿನ ಮೇಲಿಂದಲೇ ನೋಡುತ್ತಿದ್ದೆ. ಮೊದಲ ವಾರ ಕಂಬದ ಹತ್ತಿರ ಎರಡು ನಿಮಿಷ ನಿಂತು ಬೆವರಿಳಿಸಿಕೊಂಡು ಬಂದು ನನ್ನ ಅಂಗಡಿಯಲ್ಲಿ ನೀರು ಕುಡಿದ. ಮುಂದಿನ ವಾರ ಐದು ನಿಮಿಷ. ಆಮೇಲೆ ನಿಂತಿದ್ದ ಬಸ್ಸು ಹತ್ತಿ ಇಳಿದ, ಬಸ್ಸು ಹೊರಡುವ ಮೊದಲೇ ಇಳಿದ. ಹೋಗ್ತೀಯೋ ಇಲ್ಲೋ ಎಂದು ಕಂಡಕ್ಟರ್ ಬೈದ. ಯುಗಾದಿಯ ಹೊತ್ತಿಗೆ ಹಂಪಿಯವರೆಗೆ ಬಸ್ಸಿನಲ್ಲಿ ಹೋಗಿ ಬಂದ. ನಾಲ್ಕು ಕಿಲೋಮೀಟರ್ ಇಲ್ಲ, ಮಕ್ಕಳು ನಡೆದು ಹೋಗುವ ದಾರಿ. ಇಳಿದು ಬಂದವನ ಮುಖ ನೋಡಿ ಜಂಬವ್ವ ಅವನಿಗೆ ಮಂಡಾಳು ಒಗ್ಗರಣೆ ಮಾಡಿಕೊಟ್ಟಳು. ನನಗೂ ಖುಷಿಯಾಯಿತು, ನಿಜವಾಗಿ ಖುಷಿಯಾಯಿತು.

ಬುದ್ಧಿ ಬಂತು ಅಂದುಕೊಂಡಿದ್ದೆ. ಅರ್ಧ ಮಾತ್ರ ಬಂದಿತ್ತು. ಮೇ ತಿಂಗಳಲ್ಲಿ ಒಂದು ದಿನ, ಕುಡಿತ ಬಿಟ್ಟು ಐದು ತಿಂಗಳಾಯಿತಲ್ಲ, ಇನ್ನೂ ಯಾಕೆ ಗುಳಿಗೆ ನುಂಗುತ್ತೀ, ಅದೂ ಒಂದು ಚಟವೇ ಎಂದೆ. ಮೈಗೆ ಉಷ್ಣ ಎಂದೂ ಸೇರಿಸಿದೆ. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೆ ಗುರುಸ್ವಾಮಿಯ ಬಾಯಿ ನೋಡಿ, ಸುಮ್ಮನಿದ್ದರೆ ತುಕ್ಕು ಹಿಡಿಯುತ್ತದೆ. ಅವನು ನನ್ನ ಮಾತಿಗೆ ಬೆಲೆ ಕೊಡುವವನು, ಯಾರಿಗೂ ಹೇಳದೆ ಹೆದರಿಕೆಯ ಗುಳಿಗೆ ಬಿಟ್ಟ.

ಮೂರು ವಾರದ ಮೇಲೆ ಕಂಪ್ಲಿಗೆ ಬಸ್ಸಿನಲ್ಲಿ ಹೋಗಿಬರುವುದು ಅವನ ಪಾಠವಾಗಿತ್ತು. ಸಂತೆಯ ದಿನ, ಬಸ್ಸು ಗಿಚ್ಚಿ ತುಂಬಿತ್ತಂತೆ. ಕಂಪ್ಲಿ ಕಾಣುತ್ತಿದ್ದ ಹಾಗೆ ಹಳೆಯದು ಎದೆಗೆ ಬಂತು. ಸ್ಟ್ಯಾಂಡಿನಲ್ಲಿ ಇಳಿದವನು ನೇರ ಹೆಂಡದಂಗಡಿಗೆ ಹೋದ. ಎರಡು ದಿನ ಮನೆಗೆ ಬರಲಿಲ್ಲ. ಉಚ್ಚೆಂಗಮ್ಮ ಮಕ್ಕಳನ್ನು ನಮ್ಮ ಮನೆಯಲ್ಲಿ ಬಿಟ್ಟು ಎಮ್ಮಿಗನೂರಿನವರೆಗೆ ಹುಡುಕಿ ಬಂದಳು. ಮೂರನೆಯ ದಿನ ನನಗೆ ಕಂಪ್ಲಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಸಿಕ್ಕಿದ. ಅಂಗಿ ಹರಿದಿತ್ತು. ಪಕ್ಕದಲ್ಲಿ ಒಡೆಯದ ಒಂದು ಪ್ಯಾಕೆಟ್ ಇತ್ತು. ನಾನು ಅದನ್ನು ಕಸಿದುಕೊಳ್ಳಲು ಹೋದೆ, ಅವನು ನನ್ನ ಕೈ ಹಿಡಿದ.

"ಒಮ್ಮಿಗೇ ಬಿಡಸಬ್ಯಾಡ್ರಿ ಮಾವ. ಈ ಸಲ ಬಿದ್ರ ಕಾಯಿ ಒಡಿಬ್ಯಾಡ್ರಿ. ಆಸ್ಪತ್ರಿಗೆ ಕರಕೊಂಡು ನಡೀರಿ" ಎಂದ.

ಅವನಿಗೆ ಆ ದಿನದ ನೆನಪಿಲ್ಲ ಎಂದುಕೊಂಡಿದ್ದೆ. ಯಾರೋ ಹೇಳಿದ್ದರು, ಇಲ್ಲವೇ ನೆನಪೇ ಇತ್ತು. ಇಷ್ಟು ತಿಂಗಳು ಅದನ್ನು ಎದೆಯಲ್ಲಿಟ್ಟುಕೊಂಡೇ ನನ್ನ ಅಂಗಡಿಯಲ್ಲಿ ನೀರು ಕುಡಿದಿದ್ದ.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಂಗೋತ್ರಿ ಅವನನ್ನು ಗದರಿಸಲಿಲ್ಲ. ಕುಡಿದ ದಿನದ ಹಿಂದಿನ ದಿನ ಏನಾಯಿತು, ಅದರ ಹಿಂದಿನ ವಾರ ಏನಾಯಿತು ಎಂದು ಕೇಳುತ್ತಾ ಹೋದಳು. ಗುಳಿಗೆಯ ಚೀಟಿ ತಿರುಗಿಸಿ ನೋಡಿ, ಇದನ್ನು ಯಾರು ನಿಲ್ಲಿಸಲು ಹೇಳಿದರು ಎಂದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ರಾಯಣ್ಣ ನನ್ನ ಕಡೆ ತಿರುಗಿಯೂ ನೋಡದೆ, ನಾನೇ ಬಿಟ್ಟೆ ಎಂದ. ನನಗೆ ಆಗಿದ್ದು ನಾಚಿಕೆ, ಬೇರೇನಲ್ಲ. ಆ ನಾಚಿಕೆಯಲ್ಲಿಯೂ ನಾನು ಬಾಯಿ ಬಿಟ್ಟು ನಿಜ ಹೇಳಲಿಲ್ಲ.

ಮತ್ತೆ ಮಂಗಳವಾರಗಳು ಶುರುವಾದವು. ಮಳೆಗಾಲ ಹೋಯಿತು. ರಾಯಣ್ಣ ಕಂಪ್ಲಿಗೆ ಹೋಗಿ ಬಂದ, ಮಗಳ ಶಾಲೆಯ ಸಭೆಯಲ್ಲಿ ಒಳಗೆ ಕೂತು ಬಂದ. ಜೂನ್ ತಿಂಗಳಿಂದ ಒಂದು ಹನಿಯೂ ಮುಟ್ಟಿಲ್ಲ. ಉಚ್ಚೆಂಗಮ್ಮ ಈಗ ಅವನ ಜೇಬು ತಡಕುವುದನ್ನು ಬಿಟ್ಟಿದ್ದಾಳೆ, ಅದನ್ನೂ ಗಂಗೋತ್ರಿಯೇ ಬಿಡಿಸಿದ್ದು.

ಈ ವರ್ಷದ ಮಾಲೆಗೆ ಹತ್ತು ದಿನ ಇತ್ತು. ಹದಿನೇಳು ಅಂಗಿ ಹೊಲಿಯಬೇಕು. ಬೆಳಿಗ್ಗೆ ಅಂಗಡಿ ತೆಗೆದು ಸೂಜಿಗೆ ದಾರ ಏರಿಸುತ್ತಿದ್ದೆ. ನಾಲ್ಕು ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಿಸಿದ್ದೇನೆ, ಆದರೂ ಬೆಳಿಗ್ಗೆ ಹೊತ್ತು ದಾರ ಏರುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಕನ್ನಡಕದವನನ್ನು ಬೈಯುತ್ತಿದ್ದೆ. ರಾಯಣ್ಣ ತೋಟಕ್ಕೆ ಹೋಗುವವನು ಅಂಗಡಿಯ ಮುಂದೆ ನಿಂತ. ಸ್ವಲ್ಪ ಹೊತ್ತು ನೋಡಿದ. ಒಳಗೆ ಬಂದು ಸೂಜಿ ಇಸಿದುಕೊಂಡು ಒಂದೇ ಸಲಕ್ಕೆ ಏರಿಸಿ ಕೊಟ್ಟ. ಹೋದ ವರ್ಷ ಲೋಟ ಹಿಡಿಯಲಾರದಿದ್ದ ಕೈ.

"ಕಣ್ಣಲ್ಲ ಮಾವ, ಕೈ" ಎಂದ. "ಮಾಲಿಗೆ ಇನ್ನ ಹತ್ತು ದಿನ ಐತಿ. ಅದಕ್ಕಿಂತ ಮುಂಚೆ ಮಂಗಳವಾರ ನನ್ನ ಜೊತಿ ಬರ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ನಿನ್ನೆ ಮೊನ್ನೆ ಬಿಟ್ಟವನು ನನಗೆ ಬುದ್ಧಿ ಹೇಳುತ್ತೀಯಾ ಎಂದು ಕೂಗಿದೆ. ಅವನು ತೋಟಕ್ಕೆ ಹೋದ. ಪರದೆಯ ಹಿಂದೆ ಕಾಜಾ ಹಾಕುತ್ತಿದ್ದ ಜಂಬವ್ವ ಸೂಜಿ ನಿಲ್ಲಿಸಿದ್ದಳು. ಮೂವತ್ತು ವರ್ಷ ನನ್ನ ಮಶೀನಿನ ಕೆಳಗಿನ ಡಬ್ಬಿಯಲ್ಲಿ ಏನಿದೆ ಎಂದು ಅವಳಿಗೆ ಗೊತ್ತು. ಅಂಗಡಿ ಮುಚ್ಚಿದ ಮೇಲೆ ಎಷ್ಟು ಕುಡಿಯುತ್ತೇನೆ, ಬೆಳಿಗ್ಗೆ ಕೈ ನಡುಗದೆ ನಿಲ್ಲಲು ಎಷ್ಟು, ಎಲ್ಲ ಗೊತ್ತು. ಊರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕವೂ ಕಣ್ಣು ಮುಚ್ಚಿಕೊಳ್ಳುತ್ತದೆಯೇ?

"ಹೋಗಿ ಬರ್ರಿ" ಎಂದಳು ಜಂಬವ್ವ ಪರದೆಯ ಹಿಂದಿನಿಂದ. ಅಷ್ಟೇ.

ಮಂಗಳವಾರ ಬಸ್ಸಿನಲ್ಲಿ ರಾಯಣ್ಣನಿಗೆ ಸೀಟು ಸಿಗಲಿಲ್ಲ. ಹಣೆಯ ಮೇಲೆ ಸಣ್ಣಗೆ ಬೆವರು ಬಂತು, ಆದರೆ ನನ್ನ ಪಕ್ಕದಲ್ಲಿಯೇ ನಿಂತಿದ್ದ. ಆಸ್ಪತ್ರೆಯಲ್ಲಿ ಚೀಟಿಯ ಪಾಳಿಯಲ್ಲಿ ಅವನೇ ನಿಂತ. ಯಾರಿಗೆ ಚೀಟಿ ಎಂದು ಒಳಗಿನವರು ಕೇಳಿದರು.

"ನಮ್ಮ ಗುರುಸ್ವಾಮಿಗೆ" ಎಂದ.

ಡಾಕ್ಟರು ಎರಡೂ ಕೈ ಮುಂದೆ ಚಾಚಲು ಹೇಳಿದರು. ಪ್ರತಿ ವರ್ಷ ಹೊಸಬರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದ ಅದೇ ಕೈ ಚಾಚಿದೆ. ದಿನಾ ಎಷ್ಟು, ಎಷ್ಟು ವರ್ಷದಿಂದ ಎಂದು ಕೇಳಿ ಬರೆದುಕೊಂಡರು. ವರ್ಷಕ್ಕೊಮ್ಮೆ ಇಪ್ಪತ್ತೊಂದು ದಿನ ಒಮ್ಮೆಗೇ ಬಿಡುತ್ತೇನೆ ಎಂದಾಗ ಅವರ ಪೆನ್ನು ನಿಂತಿತು. ಇಷ್ಟು ವರ್ಷ ಉಳಿದದ್ದು ನಿಮ್ಮ ಅದೃಷ್ಟ, ಹೀಗೆ ಬಿಟ್ಟು ಹಿಡಿದು ಮಾಡಿದ ಹಾಗೆಲ್ಲ ಮುಂದಿನ ಸಲದ ಅಪಾಯ ಹೆಚ್ಚುತ್ತದೆ ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ನನ್ನ ಕಣ್ಣ ಮುಂದೆ ನಮ್ಮ ಚಪ್ಪರ ಬಂತು. ಅಲ್ಲಿ ಬಿದ್ದು ಕೈಕಾಲು ಬಡಿಯುತ್ತಿರುವವನು ರಾಯಣ್ಣನಲ್ಲ, ನಾನು. ಸುತ್ತ ಹದಿನೇಳು ಜನ. ಗುರುಸ್ವಾಮಿಗೇ ಹನುಮಪ್ಪ ಮೈದುಂಬಿದ ಎಂದು ಒಬ್ಬರಿಗಿಂತ ಒಬ್ಬರು ಮುಂದಾಗಿ ಕಾಯಿ ಒಡೆಯುತ್ತಿದ್ದಾರೆ. ಆಟೋ ಕರೆಸಲು ಯಾರಾದರೂ ಬಂದರೆ ಅಡ್ಡ ನಿಲ್ಲುತ್ತಾರೆ. ಅಡ್ಡ ನಿಲ್ಲುವುದನ್ನು ಅವರಿಗೆ ಕಲಿಸಿದವನು ನಾನೇ.

ರಾಯಣ್ಣ ಒಂದು ಲೋಟ ನೀರು ತಂದುಕೊಟ್ಟ. ನನ್ನ ಕೈಯಲ್ಲಿ ಅದು ತುಳುಕಿತು. ಅವನು ಲೋಟವನ್ನು ಕೆಳಗಿನಿಂದ ಹಿಡಿದುಕೊಂಡ, ನಾನು ಕುಡಿದೆ. ಆಮೇಲೆ ಗಂಗೋತ್ರಿ ನನ್ನ ಹೆಸರು ಕೂಗಿದಳು.